ಓಡಿಹೋಗಿ ಮದುವೆಯಾಗುವ ಸಮುದಾಯಕ್ಕೆ ಮಗಳನ್ನು ಕೊಡಬಹುದೇ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ನಿವೃತ್ತ ಶಿಕ್ಷಕ. ನಮ್ಮದು ಬೇಸಾಯದ ಕುಟುಂಬ. ಮಗಳಿಗೆ 26 ವರ್ಷ, ಮೈಸೂರಿನಲ್ಲಿ ನರ್ಸ್ ಆಗಿದ್ದಾಳೆ. ಅವಳ ಆಸ್ಪತ್ರೆಯಲ್ಲೇ ಲ್ಯಾಬ್ ಕೆಲಸದಲ್ಲಿರುವ, ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನ ಹುಡುಗನನ್ನು ಮದುವೆಯಾಗುವುದಾಗಿ ಹೇಳುತ್ತಿದ್ದಾಳೆ. ಹುಡುಗನನ್ನು ನೋಡಿದ್ದೇನೆ, ಎಣಿಸಲು ದೋಷವಿಲ್ಲ. ಆದರೆ ನೆಂಟರು ಸುಮ್ಮನಿಲ್ಲ. ‘ಅವರು ಆಫ್ರಿಕಾದಿಂದ ಬಂದವರು, ಅವರಲ್ಲಿ ಮದುವೆಯೆಂಬುದೇ ಇಲ್ಲ, ಹುಡುಗಿಯನ್ನು ಕಾಡಿಗೆ ಕರೆದುಕೊಂಡು ಹೋದರೆ ಮುಗಿಯಿತು, ಬೇಡವಾದರೆ ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಳ್ಳುತ್ತಾರೆ, ಮಾಟ ಮಾಡುತ್ತಾರೆ, ರಕ್ತದಲ್ಲೇ ಕಾಯಿಲೆ ಇರುತ್ತದೆ’ ಎನ್ನುತ್ತಾರೆ. ನಾಳೆ ಮೊಮ್ಮಕ್ಕಳ ಜಾತಿ ಯಾವುದಾಗುತ್ತದೆ? ಮಗಳಿಗೆ ಆಸ್ತಿಯಲ್ಲಿ ಹಕ್ಕು ಇರುತ್ತದೆಯೇ? ಜಾತಿಯ ಹಠ ನನಗಿಲ್ಲ ಎಂದುಕೊಂಡಿದ್ದೆ. ಈಗ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರು, ಭಯ ಮಾತ್ರ ಒಂದೇ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಮಗಳ ಬೆನ್ನಿಗೆ ನಿಲ್ಲುವ ಕಟ್ಟಳೆ ಆ ಮನೆಯಲ್ಲಿ, ಆ ಊರಿನಲ್ಲಿ ಇದೆಯೇ ಎಂಬುದು. ಮಾನವಶಾಸ್ತ್ರ ಕಲಿಸುತ್ತಾ, ಚಾಮರಾಜನಗರ ಜಿಲ್ಲೆಯ ಪೋಡುಗಳಲ್ಲಿ, ಅಂದರೆ ಸೋಲಿಗರ ಹಾಡಿಗಳಲ್ಲಿ, ಓಡಾಡುತ್ತಾ ವೃತ್ತಿಜೀವನ ಕಳೆದವನಾಗಿ ಹೇಳುತ್ತೇನೆ: ಕಟ್ಟಳೆ ಇದೆ. ನಿಮ್ಮ ಊರಿನದಕ್ಕಿಂತ ಒಂದು ಕೈ ಹೆಚ್ಚೇ ಇದೆ. ಕೊರತೆಯಿರುವುದು ಕಾಗದಪತ್ರದಲ್ಲಿ. ನೀವು ಚಿಂತಿಸಬೇಕಾದದ್ದು ಸೋಲಿಗರ ಸಂಪ್ರದಾಯದ ಬಗ್ಗೆ ಅಲ್ಲ, ಆ ಸಂಪ್ರದಾಯಕ್ಕೂ ಸರ್ಕಾರಿ ದಾಖಲೆಗೂ ನಡುವೆ ಇರುವ ಸಂದಿಯ ಬಗ್ಗೆ.

ಮೊದಲು ಆಫ್ರಿಕಾದ ಮಾತು ಮುಗಿಸೋಣ. ನಿಮ್ಮ ನೆಂಟರು ಇಬ್ಬರನ್ನು ಒಬ್ಬರೆಂದುಕೊಂಡಿದ್ದಾರೆ. ಕರ್ನಾಟಕದಲ್ಲಿ ಆಫ್ರಿಕಾ ಮೂಲದವರೆಂದು ಇತಿಹಾಸ ಹೇಳುವುದು ಸಿದ್ದಿಗಳನ್ನು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದಿಳಿದ ಪೂರ್ವ ಆಫ್ರಿಕಾದವರ ಸಂತತಿ ಅವರು. ಇರುವುದು ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಕಾಡುಗಳಲ್ಲಿ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರ ಮನೆಗೆ ಮಗಳನ್ನು ಕೊಡುವುದರಲ್ಲೂ ಹಿಂಜರಿಯಲು ಏನಿಲ್ಲ, ಅದು ಬೇರೆ ಮಾತು. ಸೋಲಿಗರು ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಮತ್ತು ಅದಕ್ಕೆ ತಗುಲಿದ ತಮಿಳುನಾಡಿನ ಸತ್ಯಮಂಗಲದ ಕಾಡುಗಳವರು. ಆಡುವುದು ಕನ್ನಡಕ್ಕೆ ತೀರ ಹತ್ತಿರದ ದ್ರಾವಿಡ ನುಡಿ. ಅರ್ಧ ದಿನ ಕಿವಿಗೊಟ್ಟರೆ ನಿಮಗೂ ಅರ್ಥವಾಗುತ್ತದೆ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಹೋಗೋಣ. ದಕ್ಷಿಣ ಭಾರತದವರೆಲ್ಲರಲ್ಲೂ ಈ ನೆಲದ ಅತಿ ಪ್ರಾಚೀನ ಬೇಟೆಗಾರರ ಅಂಶ ಇದೆ. ಸೋಲಿಗರಲ್ಲಿ ಹೆಚ್ಚು, ನಿಮ್ಮಲ್ಲಿ ನನ್ನಲ್ಲಿ ಕಡಿಮೆ, ಅಷ್ಟೇ ವ್ಯತ್ಯಾಸ. 2013ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನದ ಪ್ರಕಾರ, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಭಾರತದ ಬಹುತೇಕ ಎಲ್ಲ ಗುಂಪುಗಳೂ ಒಂದರೊಳಗೊಂದು ಬೆರೆತಿವೆ. ಒಳಗೊಳಗೇ ಮದುವೆಯಾಗುವ ಬಿಗಿ ಬಂದದ್ದು ಅದಾದ ಮೇಲೆ. ನಿಮ್ಮ ಮಗಳು ಹೊಸದೇನನ್ನೂ ಮಾಡುತ್ತಿಲ್ಲ. ಎರಡು ಸಾವಿರ ವರ್ಷ ನಿಂತಿದ್ದ ಕೆಲಸವನ್ನು ಮುಂದುವರಿಸುತ್ತಿದ್ದಾಳೆ.

ತಮ್ಮ ಮೂಲದ ಬಗ್ಗೆ ಸೋಲಿಗರು ಏನು ಹೇಳುತ್ತಾರೆ ಎಂಬುದು ನಿಮಗೆ ಹೆಚ್ಚು ಉಪಯೋಗಕ್ಕೆ ಬರಬಹುದು, ಏಕೆಂದರೆ ಬೀಗರ ಮನೆಯಲ್ಲಿ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಅವರು ತಮ್ಮನ್ನು ಕಾರಯ್ಯನ ಮಕ್ಕಳು ಎನ್ನುತ್ತಾರೆ. ಕಾರಯ್ಯ ಬಿದಿರಿನಿಂದ ಹುಟ್ಟಿದ, ಕಾಡುಪ್ರಾಣಿಗಳ ಜತೆ ಬೆಳೆದ, ನಾಡಿಗೆ ಬಾ ಎಂದರೂ ಬರಲೊಪ್ಪದೆ ಕಾಡಿನಲ್ಲೇ ಉಳಿದ ಎಂಬುದು ಒಂದು ಕಥೆ. ಕಂಸಾಳೆಯವರು ಹಾಡುವ ಮಹದೇಶ್ವರ ಕಾವ್ಯದಲ್ಲಿ ಇನ್ನೊಂದು ಕಥೆಯಿದೆ. ಸೋಲಿಗರ ನೀಲೇಗೌಡನ ಹೆಂಡತಿ ಸಂಕಮ್ಮ. ಗಂಡ ಸಂಶಯದ ಪಿಶಾಚಿ, ಬೇಟೆಗೆ ಹೋಗುವಾಗ ಹೆಂಡತಿಗೆ ಕೊಡಬಾರದ ಹಿಂಸೆ ಕೊಟ್ಟು ಹೋಗುತ್ತಾನೆ. ಮಾದಪ್ಪ ಅವಳನ್ನು ಕಾಯುತ್ತಾನೆ. ಅವನ ವರದಿಂದ ಹುಟ್ಟಿದವರು ಕಾರಯ್ಯ, ಬಿಲ್ಲಯ್ಯ. ನೀವು ಮಂಡ್ಯದ ಕಡೆಯವರು, ಮಾದಪ್ಪನ ಪರಿಸೆಗೆ ಹೋಗಿ ಈ ಸಾಲನ್ನು ಕೇಳಿಯೇ ಇರುತ್ತೀರಿ. ಹೆಂಡತಿಯನ್ನು ಸಂಶಯಪಟ್ಟವನ ಪರವಾಗಿ ಅಲ್ಲ, ಸಂಕಮ್ಮನ ಪರವಾಗಿ ನಿಲ್ಲುವ ಕಥೆಯಿದು.

ಈಗ ಓಡಿಹೋಗುವ ವಿಷಯ. ಇದು ಸುಳ್ಳಲ್ಲ. ಸೋಲಿಗರಲ್ಲಿ ಹುಡುಗ ಹುಡುಗಿ ಪರಸ್ಪರ ಒಪ್ಪಿ ಕಾಡಿಗೆ ಹೋಗಿ ಕೆಲವು ದಿನ ಇದ್ದು ಬರುವುದು ಮದುವೆಯ ಅತ್ಯಂತ ರೂಢಿಯ ಮಾರ್ಗವಾಗಿತ್ತು, ಈಗಲೂ ಅಳಿದಿಲ್ಲ. ರಾಗಿ ಕೊಯ್ಲಿನ ಬಳಿಕದ ರೊಟ್ಟಿ ಹಬ್ಬದಲ್ಲಿ ರಾತ್ರಿಯಿಡೀ ‘ಗೊರುಕ ಗೊರುಕಾನ’ ಎಂದು ಹಾಡಿ ಕುಣಿಯುವಾಗ ಜೋಡಿಗಳು ಕೂಡುತ್ತವೆ ಎಂಬುದು ಎಲ್ಲ ಹಿರಿಯರಿಗೂ ಗೊತ್ತು, ಗೊತ್ತಿಲ್ಲದಂತೆ ಇರುತ್ತಾರೆ. ನಿಮ್ಮ ನೆಂಟರಿಗೆ ಕಾಣದಿರುವುದು ಆಮೇಲಿನ ಭಾಗ. ಜೋಡಿ ವಾಪಸ್ ಬಂದ ಮೇಲೆ ನ್ಯಾಯ ಸೇರುತ್ತದೆ. ಪೋಡಿನ ಯಜಮಾನರು, ಪೂಜಾರಿಯಾದ ತಮ್ಮಡಿ, ಎರಡೂ ಕಡೆಯ ಹಿರಿಯರು ಕುಳಿತು ಮೊದಲು ಕೇಳುವುದು ಒಂದೇ ಪ್ರಶ್ನೆ: ಇಬ್ಬರದೂ ಯಾವ ಕುಲ? ಹಾಲೇರು, ಸೂರಿರು, ತೆನೆಯರು, ಬೆಳ್ಳೇರು, ಸೆಲಿಕಿರು ಹೀಗೆ ಕುಲಗಳಿವೆ. ಒಂದೇ ಕುಲದವರು ಅಣ್ಣ ತಂಗಿಯರ ಸಮಾನ, ಮದುವೆ ಕೂಡದು. ಕುಲ ಬೇರೆಯಾಗಿದ್ದರೆ, ಹೇಳದೆ ಹೋದದ್ದಕ್ಕೆ ತಪ್ಪುದಂಡ ಕಟ್ಟಿಸುತ್ತಾರೆ, ಹುಡುಗನ ಕಡೆಯವರು ಹುಡುಗಿಯ ತಂದೆಗೆ ತೆರ (ಕನ್ಯಾಶುಲ್ಕ) ಕೊಡುತ್ತಾರೆ, ತಾಳಿ ಕಟ್ಟಿಸಿ ಊಟ ಹಾಕುತ್ತಾರೆ.

ಇಂಥ ಒಂದು ನ್ಯಾಯದಲ್ಲಿ ನಾನು ಕುಳಿತಿದ್ದೆ. ಹುಡುಗಿಯ ತಂದೆ ಎದ್ದು ನಿಂತು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಹುಡುಗನ ಮೂರು ತಲೆಮಾರನ್ನು ಬೈಯುತ್ತಿದ್ದ. ಹಿರಿಯರು ಎಲೆ ಅಡಿಕೆ ಹಾಕಿಕೊಂಡು ತಾಳ್ಮೆಯಿಂದ ಕೇಳುತ್ತಿದ್ದರು. ಅವನ ಬೆನ್ನ ಹಿಂದೆಯೇ, ಗುಡಿಸಲಿನ ಬಾಗಿಲಲ್ಲಿ, ಅವನ ಹೆಂಡತಿ ಊಟಕ್ಕೆ ರಾಗಿ ಹಿಟ್ಟನ್ನು ಅಳೆದು ಮೊರಕ್ಕೆ ಹಾಕುತ್ತಿದ್ದಳು. ಬೈಗುಳ ಮುಗಿಯುವ ಹೊತ್ತಿಗೆ ಅಳತೆಯೂ ಮುಗಿದಿತ್ತು. ತಂದೆಯ ಕೋಪ ಕೂಡ ಆ ವಿಧಿಯೊಳಗಿನ ಒಂದು ಪಾತ್ರ. ವರದಕ್ಷಿಣೆಯ ಸಾಲಕ್ಕೆ ಸಿಕ್ಕಿ ತೋಟ ಮಾರಿದ ತಂದೆಯಂದಿರನ್ನು ಬಯಲುಸೀಮೆಯಲ್ಲಿ ಕಂಡಿದ್ದೇನೆ. ಹೆಣ್ಣು ಹೆತ್ತವನು ಸಾಲಗಾರನಾಗದ, ಹುಡುಗಿಯ ಒಪ್ಪಿಗೆಯಿಲ್ಲದೆ ಆರಂಭವೇ ಆಗದ ಈ ಪದ್ಧತಿಯನ್ನು ‘ಮದುವೆಯೇ ಇಲ್ಲ’ ಎನ್ನುವವರ ಬಗ್ಗೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಅಂದಹಾಗೆ, ಬೆಟ್ಟದ ಮೇಲಿನ ರಂಗನಾಥನೇ ಸೋಲಿಗರ ಹುಡುಗಿ ಕುಸುಮಾಲೆಯನ್ನು ಹಾರಿಸಿಕೊಂಡು ಹೋದವನು ಎಂದು ಅವರು ಹೇಳುತ್ತಾರೆ. ಹಾಗಾಗಿ ದೇವರು ಅವರಿಗೆ ರಂಗ ಭಾವ. ನಿಮ್ಮ ನೆಂಟರಲ್ಲಿ ಯಾರಾದರೂ ಬಿಳಿಗಿರಿರಂಗನ ಒಕ್ಕಲಾಗಿದ್ದರೆ ಇದನ್ನು ಅವರ ಕಿವಿಗೆ ಹಾಕಿ.

ಈ ಪದ್ಧತಿಗೆ ಅಪಾಯವೇ ಇಲ್ಲವೆಂದು ಹೇಳುತ್ತಿಲ್ಲ. ಹುಡುಗಿಗೆ 18 ತುಂಬದಿದ್ದರೆ ಇದೇ ರೂಢಿ ಹುಡುಗನನ್ನು, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿ, ಜೈಲಿಗೆ ಕಳಿಸುತ್ತದೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೂ ಬುಡಕಟ್ಟು ಎಂಬ ವಿನಾಯಿತಿ ಇಲ್ಲ. ಪಕ್ಕದ ವಯನಾಡಿನಲ್ಲಿ ಪಣಿಯ ಬುಡಕಟ್ಟಿನ ಯುವಕರು ಹೀಗೆ ಜೈಲು ಸೇರಿದ್ದು ದೊಡ್ಡ ಚರ್ಚೆಯಾಗಿತ್ತು. ನಿಮ್ಮ ಮಗಳ ವಿಷಯದಲ್ಲಿ ಆ ಪ್ರಶ್ನೆ ಬರುವುದಿಲ್ಲ.

ಬಿಟ್ಟುಬಿಡುವುದು, ಎರಡನೆಯವಳನ್ನು ಕಟ್ಟಿಕೊಳ್ಳುವುದು, ಇದರಲ್ಲಿ ಅರ್ಧ ಸತ್ಯವಿದೆ. ಹೊಂದಿಕೆಯಾಗದಿದ್ದರೆ ನ್ಯಾಯ ಸೇರಿಸಿ ಬಿಡುಗಡೆ ಪಡೆಯಲು ಸೋಲಿಗರಲ್ಲಿ ಗಂಡಿಗೂ ಹೆಣ್ಣಿಗೂ ಅವಕಾಶವಿದೆ. ವಿಧವೆ ಮತ್ತೆ ಮದುವೆಯಾಗುವುದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಗಂಡಿಗೆ ಎರಡನೆಯ ಹೆಂಡತಿ ಇದ್ದ ಕುಟುಂಬಗಳೂ ಹಿಂದೆ ಇದ್ದವು. ನಮ್ಮ ಬಯಲಿನ ಗೌಡರ ಮನೆಗಳಲ್ಲೂ ಇದ್ದವು ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. ಆದರೆ ಕಾನೂನಿನ ವಿಷಯದಲ್ಲಿ ಒಂದು ನಿಜವಾದ ಕುಳಿ ಇದೆ. ನಿಮ್ಮ ನೆಂಟರು ಹೇಳಿದ್ದೆಲ್ಲದರಲ್ಲಿ ಯಾವುದಕ್ಕೂ ಸಿಗದ ಆ ಕುಳಿಯನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು.

1955ರ ಹಿಂದೂ ವಿವಾಹ ಕಾಯ್ದೆಯ 2ನೇ ಕಲಮಿನ 2ನೇ ಉಪಕಲಮಿನ ಪ್ರಕಾರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಆ ಕಾಯ್ದೆ ಸೋಲಿಗರಂಥ ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲ. ಅವರ ಮದುವೆ, ಬಿಡುಗಡೆ ಅವರವರ ರೂಢಿಯ ಪ್ರಕಾರ. ರೂಢಿಯನ್ನು ಗೌರವಿಸಲೆಂದೇ ಬಿಟ್ಟ ಜಾಗ ಇದು. ಆದರೆ ವ್ಯಾಜ್ಯ ಬಂದಾಗ ರೂಢಿ ಏನೆಂದು ನ್ಯಾಯಾಲಯದಲ್ಲಿ ಸಾಬೀತು ಮಾಡುವ ಹೊಣೆ ಅದನ್ನು ಹೇಳುವವರ ಮೇಲೆ ಬೀಳುತ್ತದೆ. 2001ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣವೊಂದರಲ್ಲಿ ಹೆಂಡತಿ ಒರಾಂವ್ ಬುಡಕಟ್ಟಿನವರು, ಗಂಡ ಸಂತಾಲ ಬುಡಕಟ್ಟಿನವನು. ಇಬ್ಬರೂ ಹಿಂದೂ ಆಚರಣೆಯವರು. ಗಂಡ ಇನ್ನೊಂದು ಮದುವೆಯಾದನೆಂದು ಹೆಂಡತಿ ದೂರು ಕೊಟ್ಟರು. ಎರಡನೇ ಮದುವೆಯನ್ನು ಅನೂರ್ಜಿತಗೊಳಿಸುವ ರೂಢಿ ಅವರ ಪಂಗಡದಲ್ಲಿದೆಯೆಂದು ತೋರಿಸಲಾಗದೆ ದೂರು ಬಿದ್ದುಹೋಯಿತು. ಪೋಡಿನ ನ್ಯಾಯದಲ್ಲಾಗಿದ್ದರೆ ಹಿರಿಯರಿಗೆ ಎಲ್ಲವೂ ಬಾಯಿಪಾಠ. ಕೋರ್ಟಿಗೆ ಬಾಯಿಪಾಠ ಸಾಲದು. ನಾನು ಆರಂಭದಲ್ಲಿ ಹೇಳಿದ ಸಂದಿ ಇದೇ.

ಹಾಗಾದರೆ ಏನು ಮಾಡಬೇಕು? ನಾನು ನಿಮ್ಮ ಜಾಗದಲ್ಲಿದ್ದರೆ 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಹಿಡಿಯುತ್ತಿದ್ದೆ. ಅದರಡಿ ನೋಂದಾಯಿಸಿದ ಮದುವೆಗೆ ಜಾತಿ, ಪಂಗಡ, ರೂಢಿ ಯಾವುದೂ ಅಡ್ಡಬರುವುದಿಲ್ಲ. ಒಬ್ಬ ಸಂಗಾತಿ ಇರುವಾಗ ಇನ್ನೊಂದು ಮದುವೆ ಅಪರಾಧವೆಂದು ಅದು ನೇರವಾಗಿ ಹೇಳುತ್ತದೆ. ವಿಚ್ಛೇದನ, ಜೀವನಾಂಶಕ್ಕೂ ಅದರಲ್ಲಿ ಸ್ಪಷ್ಟ ದಾರಿಯಿದೆ. ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು. ಮೈಸೂರಿನಲ್ಲೇ ಇಬ್ಬರೂ ಇರುವುದರಿಂದ ತೊಂದರೆಯಿಲ್ಲ. ನೋಟಿಸನ್ನು ಕಚೇರಿಯಲ್ಲಿ ಅಂಟಿಸುತ್ತಾರೆ, 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು. ತೊಡಕೆಂದರೆ ಆ 30 ದಿನ. ನೆಂಟರಿಗೆ ಸುದ್ದಿ ಮುಟ್ಟುತ್ತದೆ, ಯಾರಾದರೂ ಆಕ್ಷೇಪಣೆ ಹಿಡಿದು ಬರಬಹುದು. ಆದರೆ ವಯಸ್ಸು, ಮನಸ್ಸಿನ ಸ್ವಾಸ್ಥ್ಯ, ಈಗಾಗಲೇ ಸಂಗಾತಿ ಇರುವುದು, ನಿಷಿದ್ಧ ರಕ್ತಸಂಬಂಧ ಇಂಥ ಕಾರಣಗಳಿಗೆ ಮಾತ್ರ ಆಕ್ಷೇಪಣೆ ನಿಲ್ಲುತ್ತದೆ. ಚಿಕ್ಕಪ್ಪನ ಮುನಿಸು ಆ ಪಟ್ಟಿಯಲ್ಲಿಲ್ಲ.

ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸೋಣ ಎಂದು ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಬೇಗ ಆಗುತ್ತದೆ, ಫೋಟೊ ಚೆನ್ನಾಗಿರುತ್ತದೆ. ಆದರೆ ಹುಡುಗ ಪರಿಶಿಷ್ಟ ಪಂಗಡದವನಾದ್ದರಿಂದ ಮುಂದೆ ವ್ಯಾಜ್ಯವಾದರೆ ಆ ಕಾಯ್ದೆ ತನಗೆ ಅನ್ವಯಿಸುವುದಿಲ್ಲವೆಂಬ ವಾದಕ್ಕೆ ಬಾಗಿಲು ತೆರೆದೇ ಇರುತ್ತದೆ. ಬರಿಯ ಪೋಡಿನ ಶಾಸ್ತ್ರದಿಂದ ತೃಪ್ತಿಪಟ್ಟರೆ, ಅದು ಮದುವೆಯೇ ಹೌದು, ಪುರಾವೆಯ ಕಷ್ಟ ಮಾತ್ರ ಇನ್ನೂ ಹೆಚ್ಚು. ಒಂದು ವೇಳೆ ಮಕ್ಕಳು ಮೊದಲೇ ಶಾಸ್ತ್ರ ಮುಗಿಸಿಕೊಂಡರೆ ಕೈಮೀರಿತೆಂದು ಕುಳಿತುಕೊಳ್ಳಬೇಡಿ. ಬೇರೆ ರೀತಿಯಲ್ಲಿ ನಡೆದ ಮದುವೆಯನ್ನು ವಿಶೇಷ ವಿವಾಹ ಕಾಯ್ದೆಯ 15ನೇ ಕಲಮಿನಡಿ ಆಮೇಲೆ ನೋಂದಾಯಿಸಬಹುದು. ಅದಕ್ಕೆ ಇಬ್ಬರಿಗೂ 21 ತುಂಬಿರಬೇಕು. ಇನ್ನು ಮದುವೆಯನ್ನೇ ತಡೆಯುವ ಆಯ್ಕೆ. ಮಗಳು ಪ್ರಾಪ್ತ ವಯಸ್ಕಳು, ಸಂಬಳ ತರುವವಳು. ತಡೆದರೆ ನೀವು ಮದುವೆಯನ್ನು ಕಳೆದುಕೊಳ್ಳುವುದಿಲ್ಲ, ಮದುವೆಯಲ್ಲಿ ನಿಮ್ಮ ಜಾಗವನ್ನು ಕಳೆದುಕೊಳ್ಳುತ್ತೀರಿ.

ಆಸ್ತಿಯ ವಿಷಯ. ನಿಮ್ಮ ಪಿತ್ರಾರ್ಜಿತದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಕೊಟ್ಟ ಸಮಪಾಲು ಈ ಮದುವೆಯಿಂದ ಹೋಗುವುದಿಲ್ಲ. ಗಂಡನ ಕಡೆಯದು ತೊಡಕಿನದು. ಆ ಉತ್ತರಾಧಿಕಾರ ಕಾಯ್ದೆಯೂ ಪರಿಶಿಷ್ಟ ಪಂಗಡಗಳನ್ನು ಹೊರಗಿಟ್ಟಿದೆ. ಗಾಳಿ ಬದಲಾಗುತ್ತಿದೆ: 2025ರ ಜುಲೈನಲ್ಲಿ ಛತ್ತೀಸಗಢದ ಗೊಂಡ ಬುಡಕಟ್ಟಿನ ಕುಟುಂಬವೊಂದರ ಪ್ರಕರಣದಲ್ಲಿ, ಹೆಣ್ಣಿಗೆ ಪಾಲಿಲ್ಲವೆಂಬ ರೂಢಿ ಸಾಬೀತಾಗದ ಕಾರಣ ಆ ಮನೆಯ ಹೆಣ್ಣುಮಗಳ ವಾರಸುದಾರರಿಗೆ ಸಮಪಾಲು ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಆದರೂ ತೀರ್ಪುಗಳನ್ನು ನಂಬಿ ಕೂರುವುದಕ್ಕಿಂತ ಗಂಡ ಹೆಂಡತಿ ಇಬ್ಬರೂ ವಿಲ್ ಬರೆದಿಡುವುದು ಸುಲಭ. ಬ್ಯಾಂಕ್ ಖಾತೆ, ಭವಿಷ್ಯ ನಿಧಿ, ವಿಮೆಗಳ ನಾಮನಿರ್ದೇಶನವನ್ನು ಮದುವೆಯಾದ ತಿಂಗಳೇ ಬದಲಿಸಲಿ. ಹುಡುಗನ ತಂದೆತಾಯಿಗೆ ಬೆಟ್ಟದಲ್ಲಿ ಜಮೀನಿದ್ದರೆ ಅದು ಬಹುಶಃ 2006ರ ಅರಣ್ಯ ಹಕ್ಕು ಕಾಯ್ದೆಯಡಿಯ ಹಕ್ಕುಪತ್ರದ ಭೂಮಿ. ಅದನ್ನು ಮಾರುವಂತಿಲ್ಲ, ವಾರಸಿಗೆ ಬರುತ್ತದೆ, ದಂಪತಿಗೆ ಕೊಡುವಾಗ ಇಬ್ಬರ ಹೆಸರಿನಲ್ಲೂ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಜಂಟಿ ಪಹಣಿಗಾಗಿ ಹೆಣ್ಣುಮಕ್ಕಳು ಇನ್ನೂ ಅಲೆಯುವ ನಮ್ಮ ಬಯಲಿಗಿಂತ ಇದು ಮುಂದಿದೆ.

ಆ ಜಮೀನು ಎರಡು ಎಕರೆಯಿದ್ದರೆ ಹೆಚ್ಚು, ಅದೂ ಆನೆ ಹಂದಿಗಳ ಪಾಲು ಕಳೆದು. 1970ರ ದಶಕದಲ್ಲಿ ಬೆಟ್ಟ ವನ್ಯಜೀವಿ ಧಾಮವಾದಾಗ ಕಾಡಿನೊಳಗಿನ ಬೇಸಾಯ ನಿಂತು ಜನರನ್ನು ರಸ್ತೆ ಬದಿಗೆ ಕೂರಿಸಲಾಯಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಕುಲಕುಲಕ್ಕೂ ಕಾಡಿನಲ್ಲಿ ಪೂಜೆಯ ಜಾಗಗಳಿವೆ, ಅದು ಆ ಕುಲದ ಎಲ್ಲೆ. ಜನ ಹೊರಗೆ ಬಂದರು, ಎಲ್ಲೆ ಒಳಗೇ ಉಳಿಯಿತು. ನಿಮ್ಮ ಭಾವೀ ಅಳಿಯ ವರ್ಷಕ್ಕೊಮ್ಮೆ ರಜೆ ಹಾಕಿ ಹಬ್ಬಕ್ಕೆಂದು ಬೆಟ್ಟಕ್ಕೆ ಓಡಿದರೆ ಕಾರಣ ಇದು. ನೆಂಟರು ಮಾಟ ಎನ್ನುತ್ತಿರುವುದೂ ಬಹುಶಃ ಇದನ್ನೇ. ಅದಕ್ಕೆ ಹೆಚ್ಚು ಮಾತು ವ್ಯರ್ಥ.

ರಕ್ತದ ಕಾಯಿಲೆಯ ಮಾತನ್ನು ಮಾತ್ರ ತಳ್ಳಿಹಾಕಬೇಡಿ. ಕುಡುಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್ ಅನೀಮಿಯಾ) ದೇಶದ ಅನೇಕ ಬುಡಕಟ್ಟುಗಳಲ್ಲಿ, ನಮ್ಮ ಮೈಸೂರು ಚಾಮರಾಜನಗರ ಸೀಮೆಯಲ್ಲೂ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಅದರ ನಿರ್ಮೂಲನೆಗೆಂದೇ ರಾಷ್ಟ್ರೀಯ ಅಭಿಯಾನ ಆರಂಭಿಸಿತು. ಮಲೇರಿಯಾ ಕಾಡಿದ ನೆಲದಲ್ಲಿ ಈ ವಂಶವಾಹಿಯ ಒಂದೇ ಪ್ರತಿ ಇದ್ದವರು ಆ ಜ್ವರದಿಂದ ಹೆಚ್ಚು ಬದುಕುಳಿದರು, ಹಾಗಾಗಿ ಅದು ಉಳಿದುಕೊಂಡಿತು. ಒಂದು ಪ್ರತಿ ಇರುವವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಅವರು ವಾಹಕರು. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಬ್ಬರು ಮಾತ್ರ ವಾಹಕರಾಗಿದ್ದು ಇನ್ನೊಬ್ಬರ ರಕ್ತ ಸರಿಯಿದ್ದರೆ ಮಗುವಿಗೆ ಕಾಯಿಲೆ ಬರುವುದಿಲ್ಲ. ಇಲ್ಲಿ ಜನ ಮರೆಯುವ ಸಂಗತಿಯೊಂದಿದೆ: ಹುಡುಗ ಕುಡುಗೋಲು ಕಣದ ವಾಹಕನಾಗಿದ್ದು, ನಿಮ್ಮ ಮಗಳು ವಂಶಪಾರಂಪರ್ಯವಾಗಿ ಬರುವ ಇನ್ನೊಂದು ರಕ್ತದ ಕಾಯಿಲೆಯಾದ ಥಲಸೇಮಿಯಾದ ವಾಹಕಳಾಗಿದ್ದರೆ ಆ ಜೋಡಿಯೂ ಅಪಾಯವೇ, ಥಲಸೇಮಿಯಾಕ್ಕೆ ಬುಡಕಟ್ಟು ಬಯಲೆಂಬ ಭೇದವಿಲ್ಲ. ಆದ್ದರಿಂದ ಪರೀಕ್ಷೆ ಹುಡುಗನಿಗೆ ಮಾತ್ರವಲ್ಲ, ಇಬ್ಬರಿಗೂ ಆಗಲಿ. ಎಚ್‌ಪಿಎಲ್‌ಸಿ ಎಂಬ ಒಂದು ರಕ್ತಪರೀಕ್ಷೆ ಎರಡನ್ನೂ ತೋರಿಸುತ್ತದೆ. ಹುಡುಗ ಲ್ಯಾಬಿನಲ್ಲಿ ಕೆಲಸ ಮಾಡುವವನು, ನಿಮಗಿಂತ ಮೊದಲೇ ಯೋಚಿಸಿರುತ್ತಾನೆ. ಹಾಗೆ ನೋಡಿದರೆ ಸ್ವಂತ ಸೋದರಮಾವನ ಮಗನಿಗೆ ಮಗಳನ್ನು ಕೊಡುವಾಗ ಈ ಪ್ರಶ್ನೆ ಕೇಳುವುದು ಇನ್ನೂ ಹೆಚ್ಚು ಅಗತ್ಯ. ಅಲ್ಲಿ ಯಾರೂ ಕೇಳುವುದಿಲ್ಲ.

ಮೊಮ್ಮಕ್ಕಳ ಜಾತಿ. ಮದುವೆಯಿಂದ ಮಗಳು ಪರಿಶಿಷ್ಟ ಪಂಗಡದವಳಾಗುವುದಿಲ್ಲ, ಮೀಸಲಾತಿಯೂ ಬರುವುದಿಲ್ಲ. 1996ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ. ಮಕ್ಕಳಿಗೆ ಸಾಮಾನ್ಯವಾಗಿ ತಂದೆಯ ಪಂಗಡ. ಆದರೆ ಇದು ಸ್ವಯಂಚಾಲಿತವಲ್ಲ, ಮಗು ಯಾವ ಪರಿಸರದಲ್ಲಿ ಬೆಳೆಯಿತು, ಸಮುದಾಯ ಅದನ್ನು ತನ್ನದೆಂದುಕೊಂಡಿತೇ ಎಂಬುದನ್ನು ಸಂಗತಿಗಳಿಂದ ನೋಡಬೇಕೆಂದು 2012ರ ತೀರ್ಪು ಹೇಳಿದೆ. ಮೈಸೂರಿನ ಬಾಡಿಗೆ ಮನೆಯಲ್ಲಿ ಬೆಳೆದ ಮಗು ಬೆಟ್ಟದ ಹಬ್ಬಕ್ಕೂ ಅಜ್ಜಿಯ ಮನೆಗೂ ಹೋಗಿ ಬರುತ್ತಿದ್ದರೆ ಆ ಪ್ರಶ್ನೆಗೆ ಉತ್ತರ ತಾನಾಗಿ ಸಿದ್ಧವಾಗಿರುತ್ತದೆ.

ಒಂದು ವಿಷಯವನ್ನು ನೀವು ಕೇಳಿಲ್ಲ: ಆ ಕಡೆಯವರಿಗೆ ಒಪ್ಪಿಗೆಯಿದೆಯೇ? ಕುಲವಿಲ್ಲದ ಹುಡುಗಿ ಸೊಸೆಯಾಗಿ ಬಂದರೆ ಹಬ್ಬದಲ್ಲಿ, ಪೂಜೆಯಲ್ಲಿ ಅವಳ ಜಾಗ ಎಲ್ಲಿ ಎಂಬುದು ಅಲ್ಲಿನ ಹಿರಿಯರ ತಲೆನೋವು. ಓದಿ ಪಟ್ಟಣ ಸೇರಿದ ಹುಡುಗರು ಹೊರಗಿನ ಹೆಣ್ಣು ತಂದರೆ ನಮ್ಮ ಹುಡುಗಿಯರ ಗತಿಯೇನು ಎಂದು ನನ್ನನ್ನೇ ಕೇಳಿದ ತಾಯಂದಿರಿದ್ದಾರೆ. ನಿಮ್ಮಂತೆಯೇ ಅಲ್ಲೂ ಒಬ್ಬ ತಂದೆಗೆ ನಿದ್ದೆ ಬರದಿರಬಹುದು.

ಆದ್ದರಿಂದ ನೋಟಿಸ್ ಕೊಡುವ ಮುನ್ನ ನೀವೇ ಒಮ್ಮೆ ಪೋಡಿಗೆ ಹೋಗಿ ಬನ್ನಿ. ಎಲೆ ಅಡಿಕೆ ತೆಗೆದುಕೊಂಡು ಹೋಗಿ. ಹುಡುಗನ ತಂದೆತಾಯಿಯ ಜತೆ ಮಾತು ಮುಗಿಸಿ ಹೊರಟುಬಿಡಬೇಡಿ, ಯಜಮಾನರನ್ನು ಕಂಡೇ ಬನ್ನಿ. ನೋಂದಣಿಯ ಮಾತನ್ನು ಅಲ್ಲೇ ಎತ್ತಿ, ನಿಮ್ಮ ಶಾಸ್ತ್ರವೂ ನಡೆಯಲಿ, ಕಾಗದವೂ ಆಗಲಿ ಎಂದು ಹೇಳಿ. ಸಂಶಯದಿಂದ ಹೇಳುತ್ತಿದ್ದೀರೆಂದು ಅವರು ತಿಳಿಯುವುದಿಲ್ಲ. ಕಾಗದವಿಲ್ಲದ್ದರಿಂದ ಕಾಡನ್ನೇ ಕಳೆದುಕೊಂಡವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ವರದಕ್ಷಿಣೆ, ವರೋಪಚಾರದ ಮಾತು ಬಾಯಿಗೆ ಬಾರದಿರಲಿ. ಅವರು ತೆರ ಕೊಡಲು ಮುಂದಾದರೆ, ಸಣ್ಣ ಮೊತ್ತವೇ ಇರುತ್ತದೆ, ದೊಡ್ಡತನಕ್ಕೆ ಬೇಡವೆನ್ನಬೇಡಿ. ಬೇಡವೆಂದರೆ ಹೆಣ್ಣು ಕೊಡಲು ನಿಮಗೆ ಮನಸ್ಸಿಲ್ಲವೆಂದು ಹಿರಿಯರು ಭಾವಿಸಬಹುದು. ಎಷ್ಟೆಂದು ಯಜಮಾನರು ಹೇಳುತ್ತಾರೆ, ಎರಡೂ ಕೈಯಲ್ಲಿ ತೆಗೆದುಕೊಳ್ಳಿ.